ಎ5 ಅಂತೆ ನಾನು, ಐದನೇ ಆರೋಪಿ!

"ಎ5 ಯಾರಮ್ಮ? ನೀನೇನಾ?"

ಇಡೀ ಸ್ಟೇಷನ್ನಿಗೆ ಕೇಳುವ ಹಾಗೆ ಕೂಗಿದರು. ನನಗೆ ಹೆಸರಿಲ್ವಾ? ಅರ್ಜಿಯಲ್ಲಿ ಅಪ್ಪನ ಹೆಸರಿನ ಸಮೇತ ಇದೆಯಲ್ಲ. ಇನ್ನು ಸ್ವಲ್ಪ ಹೊತ್ತಿಗೆ ನೈಟ್ ಡ್ಯೂಟಿಗೆ ಹೊರಡಬೇಕು, ಊಟ ಸೇರುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಪಿಸಿಸಿ ಬೇಕಿತ್ತು, ನನ್ನ ಮೇಲೆ ಕೇಸಿಲ್ಲ ಅಂತ ಪೊಲೀಸರು ಕೊಡುವ ಸರ್ಟಿಫಿಕೇಟ್, ಅಷ್ಟೇ. ಯುಕೆಯಲ್ಲಿ ನರ್ಸ್ ಅಂತ ರಿಜಿಸ್ಟರ್ ಆಗೋಕೆ ಪೊಲೀಸ್ ಕ್ಲಿಯರೆನ್ಸ್ ಕೇಳುತ್ತಾರೆ. ಇಂಗ್ಲಿಷ್ ಪರೀಕ್ಷೆ ಒಇಟಿ ಆಯ್ತು, ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ ಸಿಬಿಟಿ ಆಯ್ತು, ಇದೊಂದು ಬಾಕಿ. ಮಾಮೂಲಿ ಕೆಲಸ ಅಂದುಕೊಂಡೇ ಹೋದೆ.

ಮತ್ತೆ ಮತ್ತೆ ಅದೇ ಕಣ್ಣಿಗೆ ಬರುತ್ತಿದೆ. ಬೆಂಚಿನ ಮೇಲೆ ನಾನು. ಪಕ್ಕದಲ್ಲಿ ಬೈಕ್ ಹಿಡಿಸಿಕೊಂಡ ಇಬ್ಬರು ಹುಡುಗರು. ಆ ಕಡೆ ನಮ್ಮೂರ ಹಾಲಿನ ಡೇರಿ ಕಾರ್ಯದರ್ಶಿ, ಏನೋ ಪಂಚಾಯ್ತಿಗೆ ಬಂದಿದ್ದರು. ವೆರಿಫಿಕೇಶನ್ ನೋಡುವ ಪೇದೆ ಮೊದಲು ಚೆನ್ನಾಗೇ ಮಾತಾಡಿದರು. ನರ್ಸ್ ಅಂತ ಗೊತ್ತಾದ ಮೇಲಂತೂ ಸಿಸ್ಟರ್, ಸಿಸ್ಟರ್. ಜೇಬಿನಿಂದ ಮಾತ್ರೆ ತೆಗೆದು ತೋರಿಸಿದರು. ಅಮ್ಲೋಡಿಪಿನ್. "ಬಿಪಿ ನಾರ್ಮಲ್ ಬಂತು ಸಿಸ್ಟರ್, ನಿಲ್ಲಿಸಿಬಿಡ್ಲಾ?" ಬೇಡಿ ಸಾರ್, ಮಾತ್ರೆ ನುಂಗುತ್ತಿರೋದಕ್ಕೇ ನಾರ್ಮಲ್ ಇರೋದು, ಡಾಕ್ಟರನ್ನ ಕೇಳದೆ ಬಿಡಬೇಡಿ ಅಂದೆ. ಆ ಮಾತ್ರೆಯಿಂದ ಕಾಲು ಊದಿಕೊಳ್ಳುತ್ತಾ ಅಂತಲೂ ಕೇಳಿದೆ. ಯಾಕಾದರೂ ಕೇಳಿದೆನೋ. ಅವರು ಶೂ ಬಿಚ್ಚಿ ಪ್ಯಾಂಟ್ ಮೇಲೆತ್ತಿದರು. ನಾನು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಹರಡಿನ ಹತ್ತಿರ ಹೆಬ್ಬೆರಳಿಂದ ಒತ್ತಿ ನೋಡಿದೆ. ಗುಳಿ ಬಿತ್ತು. ಬೆರಳು ಇನ್ನೂ ಅಲ್ಲೇ ಇದೆ, ಒಳಗಿಂದ ಸ್ಟೇಷನ್ ದಾಖಲೆ ಬರೆಯುವ ರೈಟರ್ ಹಳೇ ಫೈಲ್ ಹಿಡಿದು ಬಂದು ಕೂಗಿದ್ದು. ಎ5.

ಪೇದೆ ಕಾಲು ಹಿಂದಕ್ಕೆ ಎಳೆದುಕೊಂಡರು. ಹೌದು ರೀ, ಎಳೆದುಕೊಂಡರು! "ಏನಮ್ಮ, ಶಿಕ್ಷೆ ಆಗಿದೆಯಲ್ಲ ನಿಂಗೆ? ಮೊದಲೇ ಹೇಳೋದಲ್ವಾ?" ಸಿಸ್ಟರ್ ಎಲ್ಲಿಗೆ ಹೋದಳೋ. ನಾನಿನ್ನೂ ನೆಲದ ಮೇಲೇ ಇದ್ದೆ. ಹುಡುಗರು ಮೊಬೈಲ್ ನೋಡುತ್ತಿರುವ ಹಾಗೆ ನಾಟಕ ಮಾಡಿದರು. ಡೇರಿ ಕಾರ್ಯದರ್ಶಿ ಅದನ್ನೂ ಮಾಡಲಿಲ್ಲ. ಸಂಜೆ ಹಾಲು ಹಾಕೋಕೆ ಬಂದವರಿಗೆಲ್ಲ ಸುದ್ದಿ ಮುಟ್ಟಿರುತ್ತೆ, ಬಿಡಿ.

ಕೇಸು ಹಳೇದು, ಹೊಲದ ಬದುವಿನ ಜಗಳ. ನಾನು ಜಿಎನ್‌ಎಂ ನರ್ಸಿಂಗ್ ಎರಡನೇ ವರ್ಷದಲ್ಲಿದ್ದೆ, ರಜೆಗೆ ಬಂದಿದ್ದೆ. ಅಮ್ಮನನ್ನು ಜಗಳದಿಂದ ಬಿಡಿಸಿ ಮನೆಗೆ ಎಳೆದುಕೊಂಡು ಬಂದೆ, ನಾನು ಮಾಡಿದ್ದು ಅಷ್ಟು. ದೂರಿನಲ್ಲಿ ಮನೆಯವರ ಹೆಸರೆಲ್ಲ ಬರೆಸಿದ್ದರು. ನಡೆಯೋಕಾಗದ ಅಜ್ಜಿ ಎ6. ಆಗಿನ ಐಪಿಸಿ 341 (ಅಡ್ಡಗಟ್ಟಿದ್ದು), 323 (ಹೊಡೆದದ್ದು), 504 (ಬೈದು ಕೆಣಕಿದ್ದು), ಕೊನೆಗೊಂದು 34 (ಎಲ್ಲರೂ ಸೇರಿ ಮಾಡಿದ್ದು). ದೂರು ಕೊಟ್ಟ ದೊಡ್ಡಪ್ಪ ಈಗ ಹಬ್ಬಕ್ಕೆ ಬಂದು ಒಬ್ಬಟ್ಟು ತಿಂದು ಹೋಗುತ್ತಾರೆ. ಬದು ಕೂಡ ಸರಿಹೋಯಿತು.

ಹೊಟ್ಟೆ ಉರಿಯೋದು ಇಲ್ಲಿ. ಅಷ್ಟೂ ಸೆಕ್ಷನ್ ರಾಜಿ ಆಗುವಂಥವು. ರಾಜಿ ಅರ್ಜಿ ಹಾಕಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಖುಲಾಸೆ. ಅದು ಬೇಡ, 1958ರ ಪ್ರೊಬೇಷನ್ ಕಾಯ್ದೆ ಇದೆಯಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟಿದ್ದರೂ ಶಿಕ್ಷೆಯಿಂದ ಬರುವ ಅನರ್ಹತೆ ಅಂಟಿಕೊಳ್ಳುತ್ತಿರಲಿಲ್ಲ, 12ನೇ ಸೆಕ್ಷನ್. ನಮ್ಮ ವಕೀಲರು ಹೇಳಿದ್ದೇನು? "ಎಕ್ಸಾಂ ಇಟ್ಟುಕೊಂಡು ಕೋರ್ಟಿಗೆ ಎಷ್ಟು ಅಲೆಯುತ್ತೀಯಮ್ಮ, ಒಪ್ಪಿಕೊಂಡು ದಂಡ ಕಟ್ಟು, ಕೇಸ್ ಮುಗೀತು." ಸಾವಿರ ರೂಪಾಯಿ ದಂಡ. ಅವರ ಫೀಸು ಅದಕ್ಕಿಂತ ಜಾಸ್ತಿ. ಅದೇ ಶಿಕ್ಷೆ ಅಂತ ಒಬ್ಬರಾದರೂ ಬಾಯಿಬಿಟ್ಟು ಹೇಳಿದರಾ?

ತಾನೇ ಒಪ್ಪಿಕೊಂಡವರಿಗೆ ಮೇಲ್ಮನವಿ ಇಲ್ಲವಂತೆ. ಶಿಕ್ಷೆ ಜಾಸ್ತಿ ಆಯ್ತು ಅಂತ ಬೇಕಾದರೆ ಹೋಗಬಹುದಂತೆ. ಏನಂತ ಹೋಗಲಿ, ಸಾವಿರ ಜಾಸ್ತಿ ಆಯ್ತು, ಎಂಟುನೂರು ಮಾಡಿ ಸ್ವಾಮಿ ಅಂತಾನಾ?

ಯುಕೆಗೆ ಕಳಿಸುವ ಏಜೆನ್ಸಿಯವನಿಗೆ ಫೋನ್ ಮಾಡಿದೆ. ಅವನು ಇನ್ನೂ ಘಾಟಿ. "ಫಾರಂನಲ್ಲಿ ಶಿಕ್ಷೆ ಆಗಿದೆಯಾ ಅನ್ನೋದಕ್ಕೆ ನೋ ಅಂತ ಹಾಕಿಬಿಡಿ ಮೇಡಂ, ಹಳೇದು ಯಾರು ನೋಡ್ತಾರೆ?" ಯಾರು ನೋಡ್ತಾರಾ? ಈಗ ತಾನೇ ನೋಡಿದರಲ್ಲಪ್ಪ! ಶಿಕ್ಷೆ ಆಗಿದೆ ಅಂದ ಮಾತ್ರಕ್ಕೆ ಯುಕೆಯಲ್ಲಿ ಬಾಗಿಲು ಮುಚ್ಚಲ್ಲ, ಒಂದೊಂದು ಪ್ರಕರಣ ಬಿಡಿಯಾಗಿ ನೋಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ಕಥೆ ಮುಗಿಯಿತು. ಇನ್ನೊಂದು ಚಂದ ಕೇಳಿ. ಆ ದೇಶದಲ್ಲಿ 1974ರಿಂದ ಒಂದು ಕಾನೂನಿದೆ, ಹಳೇ ಸಣ್ಣಪುಟ್ಟ ಶಿಕ್ಷೆಗಳನ್ನು ಕೆಲವು ವರ್ಷ ಕಳೆದ ಮೇಲೆ ಎಲ್ಲ ಕೆಲಸಕ್ಕೂ ಹೇಳಬೇಕಾಗಿಲ್ಲ. ನರ್ಸ್‌ಗೆ ಆ ರಿಯಾಯಿತಿ ಪೂರ್ತಿ ಸಿಗಲ್ಲ. ಅದು ಸರಿಯೇ, ಜೀವ ನಮ್ಮ ಕೈಗೆ ಕೊಡುತ್ತಾರೆ. ಸರಿ ಅಂತ ನಾನೇ ಹೇಳುತ್ತಿದ್ದೇನೆ ನೋಡಿ.

ಒಇಟಿಗೆ ಅಂತ ಪೇಷಂಟ್ ಬಗ್ಗೆ ಲೆಟರ್ ಬರೆಯೋದು ಕಲಿತಿದ್ದೆ. ಈಗ ನನ್ನ ಬಗ್ಗೆ ನಾನೇ ಬರೆಯಬೇಕು. ಹಳೇ ಕಾಯಿಲೆ: ಬದು. ಅಲರ್ಜಿ: ವಕೀಲರು. ಸದ್ಯದ ಸ್ಥಿತಿ: ಪ್ರಜ್ಞೆ ಇದೆ, ಬುದ್ಧಿ ಇಲ್ಲ.

ಹೋಗಲಿ, ಯುಕೆಯೇ ಬೇಡ. ಇಲ್ಲೇ ಇದ್ದೇನೆ, ಇಲ್ಲೇ ಡ್ರಿಪ್ ಹಾಕುತ್ತೇನೆ. ಈ ಎ5 ಇಷ್ಟು ವರ್ಷ ಐಸಿಯುನಲ್ಲಿ ಹಾಕಿದ ಡ್ರಿಪ್ ಯಾರಿಗೂ ಬೇಡ ಆಗಿರಲಿಲ್ಲ. ಇಲ್ಲ, ಬಿಡೋದಾದರೂ ಹೇಗೆ? ಒಇಟಿಗೆ ಅಂತ ಅಮ್ಮ ಸರ ಅಡ ಇಟ್ಟಿದ್ದಾಳೆ, ಬಿಡಿಸಿಕೊಂಡಿಲ್ಲ ಇನ್ನೂ. ಬಿಡಲ್ಲ ನಾನು.

ಯಾರಾದರೂ ಉತ್ತರ ಹೇಳಿ. ಒಪ್ಪಿಕೊಂಡ ಕೇಸನ್ನು ಹೈಕೋರ್ಟಿನಲ್ಲಿ ರದ್ದು ಮಾಡಿಸಿಕೊಂಡವರು ಇದ್ದೀರಾ? ದೊಡ್ಡಪ್ಪ ಸಹಿ ಹಾಕೋಕೆ ತಯಾರು. ಅಥವಾ ಎಸ್ ಅಂತ ಹಾಕಿ, ಆರ್ಡರ್ ಕಾಪಿ ಲಗತ್ತಿಸಿ ಕಳಿಸಿದವರು? ಪಿಸಿಸಿ ಬದಲು ಯುಕೆಯವರು ಏನು ತಗೊಂಡರು? ವಕೀಲರಿದ್ದರೆ ಫೀಸ್ ಎಷ್ಟು ಅಂತ ಮೊದಲೇ ಬರೆಯಿರಿ. ಸುಮ್ನೆ "ದೇವರಿದ್ದಾನೆ ಸಿಸ್ಟರ್" ಅನ್ನೋರು ದಯವಿಟ್ಟು ಬೇಡ. ನಾನು ಡ್ಯೂಟಿಗೆ ಹೊರಟೆ, ಬೆಳಿಗ್ಗೆ ಬಂದು ನೋಡುತ್ತೇನೆ.