ಎಚ್‌ಪಿ ಕೇಳುವ ಮೊದಲು ದೋಣಿಯ ಹಿಂಹಲಗೆ ಅಳೆಯಿರಿ

ಗೋವಾದಲ್ಲಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಮೂವರು ಈ ವರ್ಷ ಸಣ್ಣ ದೋಣಿ ಕೊಳ್ಳುವ ಹುಮ್ಮಸ್ಸಿನಲ್ಲಿದ್ದಾರೆ. ಮೂವರೂ ನನ್ನನ್ನು ಕೇಳಿದ್ದು ಒಂದೇ: ಎಷ್ಟು ಎಚ್‌ಪಿ ಮೋಟಾರು ಕೊಳ್ಳಲಿ? ಮೋಟಾರು ಕೂರುವ ಹಿಂಹಲಗೆ ಎಷ್ಟು ಎತ್ತರವಿದೆ ಎಂದು ನಾನು ತಿರುಗಿ ಕೇಳಿದರೆ ಒಬ್ಬರಲ್ಲೂ ಉತ್ತರವಿಲ್ಲ.

ನನ್ನಲ್ಲೂ ಇರಲಿಲ್ಲ. ಹನ್ನೆರಡು ಅಡಿಯ ಫೈಬರ್ ದೋಣಿ, ಹಲಗೆ 20 ಅಂಗುಲ. ಅಂಗಡಿಯವರು ಕೊಟ್ಟ ಮೋಟಾರಿನ ಕಾಲು, ಅಂದರೆ ಪಂಖವನ್ನು ನೀರಿಗಿಳಿಸುವ ಕಂಬ, 15 ಅಂಗುಲ. ಅಳೆಯದೆ ತಂದೆ. ರಿಬಂದರ್‌ನಿಂದ ಎದುರಿನ ಚೋಡಣ ದ್ವೀಪದ ಕಡೆಗೆ ಹೊರಟಾಗ ಹತ್ತು ವರ್ಷದ ಮಗಳು ಮುಂದೆ ಕುಳಿತಿದ್ದಳು. ಫೆರ್ರಿ ಎಬ್ಬಿಸಿದ ಅಲೆ ತಾಗಿದ್ದೇ ತಡ, ಮೋಟಾರು ಕಿರುಚತೊಡಗಿತು, ದೋಣಿ ಮಾತ್ರ ನಿಂತಲ್ಲೇ. ಪಂಖ ನೀರಿನ ಬದಲು ಗಾಳಿಯನ್ನು ಕಡೆಯುತ್ತಿತ್ತು. ಎಂಜಿನ್ ತಂಪಾಗಿದೆ ಎಂದು ತೋರಿಸಲು ಹಿಂಬದಿಯ ರಂಧ್ರದಿಂದ ಚಿಮ್ಮುವ ನೀರಿನ ಎಳೆ ತೊಟ್ಟಿಕ್ಕಿ ನಿಂತೇ ಹೋಯಿತು. ಇಳಿತದ ಹೊತ್ತು, ನಮ್ಮ ಮಹದಾಯಿ ಇಲ್ಲಿ ಮಾಂಡೋವಿಯಾಗಿ ಅಗಲವಾಗಿ ಹರಿಯುತ್ತಾಳೆ, ನಮ್ಮನ್ನು ಪಣಜಿಯ ಕಡೆಗೆ ಎಳೆಯುತ್ತಿದ್ದಳು. ಮೋಟಾರು ಆರಿಸಿ ಹುಟ್ಟು ಹಾಕಿದೆ. ದಡ ಸೇರುವಷ್ಟರಲ್ಲಿ ಅಂಗೈ ಸುಲಿದಿತ್ತು. ಮಗಳು ಒಂದೂ ಮಾತನಾಡಲಿಲ್ಲ. ಆ ಮೌನವನ್ನು ನಾನು ಇನ್ನೂ ಮರೆತಿಲ್ಲ.

ಪಂಖದ ಮೇಲಿರುವ ಚಪ್ಪಟೆ ತಟ್ಟೆ ದೋಣಿಯ ತಳಕ್ಕಿಂತ ಒಂದಂಗುಲದಷ್ಟು ಕೆಳಗಿರಬೇಕು. ಉಳಿದದ್ದೆಲ್ಲ ಆಮೇಲೆ.

ಇನ್ನು ಎಚ್‌ಪಿ. ನೀರನ್ನು ಸೀಳಿಕೊಂಡು ಸಾಗುವ ಹನ್ನೆರಡು ಅಡಿಯ ದೋಣಿಗೆ ಗಂಟೆಗೆ ಎಂಟೂವರೆ ಕಿಲೋಮೀಟರು ಸಹಜ ವೇಗ. ಅದರಾಚೆಗೆ ಹಾಕಿದ ಶಕ್ತಿಯಲ್ಲಿ ಬಹುಪಾಲು ಅಲೆ ಎಬ್ಬಿಸುವುದಕ್ಕೇ ಹೋಗುತ್ತದೆ. ಇಬ್ಬರು ಕುಳಿತು ಹಿನ್ನೀರಿನಲ್ಲಿ ಸುತ್ತಲು 5 ಅಥವಾ 6 ಎಚ್‌ಪಿ ಧಾರಾಳ. ನಾಲ್ಕು ಸ್ಟ್ರೋಕಿನ 6 ಎಚ್‌ಪಿ ಮೋಟಾರು ಸುಮಾರು 25 ಕೆಜಿ, 15 ಎಚ್‌ಪಿಯದು ಐವತ್ತರ ಆಸುಪಾಸು. ಕೆಸರಿನಲ್ಲಿ ಮೊಣಕಾಲುದ್ದ ಹೂತು ಅದನ್ನು ಹೊತ್ತು ನೋಡಿ, ಆಮೇಲೆ ಮಾತನಾಡೋಣ. ಹೆಚ್ಚು ಭಾರ ಹಿಂದೆ ಬಿದ್ದರೆ ಸಣ್ಣ ದೋಣಿ ಮೂತಿ ಎತ್ತಿ ಹಿಂದಿನಿಂದ ನೀರು ಕುಡಿಯುತ್ತದೆ.

ಪೆಟ್ರೋಲಿನ ಬಗ್ಗೆ ಯಾರೂ ಹೇಳುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಗೋವಾದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರು ತಳಕ್ಕಿಳಿದು ಕಾರ್ಬುರೇಟರನ್ನು ಕೆಡಿಸುತ್ತದೆ. ಜೂನ್‌ಗೆ ಮೊದಲೇ ಕೊನೆಯ ಹನಿಯವರೆಗೆ ಖಾಲಿ ಮಾಡಿ. ಉಪ್ಪುನೀರಿನಿಂದ ಬಂದ ದಿನವೇ ಸಿಹಿನೀರು ಹರಿಸಿ ತೊಳೆಯಿರಿ.

ನೀವು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕೆಂಪು ದಾರ ಮಣಿಕಟ್ಟಿನಲ್ಲಿರಲಿ, ಹುಟ್ಟು ದೋಣಿಯಲ್ಲಿರಲಿ. ಮೂವರೂ ಹಲಗೆಯ ಅಳತೆ ಕಳುಹಿಸಿ. ಈ ಭಾನುವಾರ ನಾನೇ ಜೊತೆಗೆ ಅಂಗಡಿಗೆ ಬರುತ್ತೇನೆ.