ನಡೆಯೋದು ನಾನು, ಒಪ್ಪೋದು ವಾಚು

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ನಮ್ಮ ಮನೆಯ ಹಾಲ್‌ನಲ್ಲಿ, ಲೈಟ್ ಕೂಡ ಹಾಕದೆ, ಯಾರೋ ಸೋಫಾ ಸುತ್ತ ಗಿರಕಿ ಹೊಡೆಯುತ್ತಿದ್ದರೆ ಹೆದರಬೇಡಿ. ಕಳ್ಳ ಅಲ್ಲ, ನಾನೇ. ಕೈಯ ವಾಚಿನ ಲೆಕ್ಕದಲ್ಲಿ 9,688 ಹೆಜ್ಜೆ ಆಗಿದೆ, ದಿನದ ಗುರಿ ಹತ್ತು ಸಾವಿರಕ್ಕೆ ಇನ್ನು 312 ಬಾಕಿ. ಹನ್ನೆರಡು ಹೊಡೆದ ಕೂಡಲೇ ಲೆಕ್ಕವೆಲ್ಲ ಸೊನ್ನೆಗೆ ಇಳಿಯುತ್ತದೆ. ಆಮೇಲೆ ಇವತ್ತು ನಡೆದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸೋಫಾ ಸುತ್ತ ಒಂದು ಸುತ್ತಿಗೆ 14 ಹೆಜ್ಜೆ. ಅಂದರೆ 22 ಸುತ್ತು, ಮೇಲೊಂದು ನಾಲ್ಕು ಹೆಜ್ಜೆ. ಮೊನ್ನೆ ಹದಿನೇಳನೇ ಸುತ್ತಿನಲ್ಲಿ ಕಾಲಿನ ಕಿರುಬೆರಳು ಟೀಪಾಯಿಗೆ ಬಡಿದು, ಒಂದು ಕಾಲು ಹಿಡಿದುಕೊಂಡು, ಕೂಗದೆ, ಹಾಲ್ ತುಂಬ ಕುಪ್ಪಳಿಸಿದೆ. ವಾಚ್ ಅದನ್ನೂ ಎಣಿಸಿಕೊಂಡಿತು. ಆ ಸಂಕಟದಲ್ಲೂ ನನಗೆ ಖುಷಿಯಾಗಿದ್ದು ಸುಳ್ಳಲ್ಲ.

ಮಣಿಕಟ್ಟು ಗುರ್ ಅಂದಿತು, ಪರದೆಯ ಮೇಲೆ ಪಟಾಕಿ ಹಾರಿತು. ಗುರಿ ಮುಟ್ಟಿದಿರಿ! ಬೆರಳು ಊದಿಕೊಂಡಿತ್ತು.

ಈ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಮಾರನೇ ದಿನ, ಕಾಲು ಮೇಲಿಟ್ಟುಕೊಂಡು ಕೂತಾಗ ಹುಡುಕಿದೆ. ದೊಡ್ಡ ದೊಡ್ಡ ಡಾಕ್ಟರುಗಳು ಕೂತು, ಹೃದಯ, ಮಂಡಿ, ಶ್ವಾಸಕೋಶ ಎಲ್ಲವನ್ನೂ ತೂಗಿ ನೋಡಿ ಕೊಟ್ಟ ತೀರ್ಪು ಅಂದುಕೊಂಡಿದ್ದೆ. ಅಲ್ಲ ಸ್ವಾಮಿ. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ಮುಗಿದಿತ್ತು. ಮರುವರ್ಷ ಜಪಾನಿನ ಯಮಾಸಾ ಅನ್ನುವ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಾಟಕ್ಕೆ ತಂತು. ಹೆಸರು 'ಮನ್‌ಪೋ-ಕೇ'. ಹಾಗಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಅಷ್ಟೇ ಕತೆ. ಸರಕಿಗೆ ಇಟ್ಟ ಹೆಸರು ಅರವತ್ತು ವರ್ಷದಲ್ಲಿ ವೈದ್ಯರ ಚೀಟಿಯಾಯಿತು. ಅವತ್ತು ಅವರು ಎಂಟು ಸಾವಿರದ ಮೀಟರ್ ಅಂತ ಹೆಸರಿಟ್ಟಿದ್ದರೆ ನಾನು ಹತ್ತು ಗಂಟೆಗೇ ಮಲಗಿರುತ್ತಿದ್ದೆ, ಕಿರುಬೆರಳೂ ನೆಟ್ಟಗಿರುತ್ತಿತ್ತು.

ಹಾಗಂತ ನಡಿಗೆ ಸುಳ್ಳು ಅಂತಲ್ಲ. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಅವರ ತಂಡ, ಸರಾಸರಿ 72 ವಯಸ್ಸಿನ ಸುಮಾರು 17,000 ಹೆಂಗಸರ ಹೆಜ್ಜೆ ಎಣಿಸಿ ನೋಡಿತು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವು ಎಷ್ಟೋ ಕಡಿಮೆ ಇತ್ತು. 7,500ರ ಹತ್ತಿರ ಬಂದ ಮೇಲೆ ಲಾಭ ಅಲ್ಲಿಗೇ ನಿಂತಿತು. ನನ್ನ ವಾಚಿಗೆ ಮಾತ್ರ ಈ ಸುದ್ದಿ ಯಾರೂ ಮುಟ್ಟಿಸಿಲ್ಲ.

ನಾನೊಬ್ಬನೇ ಹೀಗಾಗಿದ್ದರೆ ಮನೆಯ ವಿಷಯ ಅಂತ ಸುಮ್ನಿರಬಹುದಿತ್ತು. ಆದರೆ ಇದು ಆಫೀಸಿಗೂ ಬಂತು. 'ಆರೋಗ್ಯ ಮಾಸ' ಅಂತ ಹೆಸರು. ಐದೈದು ಜನರ ತಂಡ ಮಾಡಿದರು. ದಿನಾ ಬೆಳಿಗ್ಗೆ ಹತ್ತಕ್ಕೆ ಎಲ್ಲರಿಗೂ ಪಟ್ಟಿ ಬರುತ್ತಿತ್ತು, ಮೇಲಿನ ತಂಡಗಳಿಗೆ ಹಸಿರು ಬಣ್ಣ, ಕೆಳಗಿನವಕ್ಕೆ ಕೆಂಪು. ಅಲ್ಲಿಯವರೆಗೆ ಎದುರು ಸಿಕ್ಕರೆ 'ಚೆನ್ನಾಗಿದ್ದೀರಾ' ಅನ್ನುತ್ತಿದ್ದವರು ಈಗ 'ಎಷ್ಟಾಯ್ತು' ಅನ್ನತೊಡಗಿದರು. ನೀವು ಚೆನ್ನಾಗಿದ್ದೀರೋ ಇಲ್ಲವೋ ಪಟ್ಟಿ ನೋಡಿದರೆ ಗೊತ್ತಾಗುತ್ತದಲ್ಲ, ಕೇಳೋದೇನು?

'ಮೆಟ್ಟಿಲು ಹತ್ತಿ, ಆರೋಗ್ಯ ಗಳಿಸಿ' ಅಂತ ಚಂದದ ಪೋಸ್ಟರ್ ಮಾಡಿಸಿದರು. ಎಲ್ಲಿ ಅಂಟಿಸಿದರು ಅಂತೀರಿ? ಲಿಫ್ಟಿನ ಒಳಗೆ. ಯಾಕೆಂದರೆ ಎಲ್ಲರೂ ಇರುವುದು ಅಲ್ಲೇ. ಒಂದಿಬ್ಬರು ಪೋಸ್ಟರಿನ ಮಾತು ನಂಬಿ ಮೆಟ್ಟಿಲ ಕಡೆ ಹೋದರೆ ಅಲ್ಲಿನ ಬಾಗಿಲಿಗೆ ಬೀಗ. ಸೆಕ್ಯುರಿಟಿಯವರನ್ನು ಕೇಳಿದರೆ, "ಯಾರೂ ಬಳಸಲ್ಲ ಅಂತ ಹಾಕಿದೀವಿ ಸರ್" ಅಂದರು.

ಆಮೇಲೆ 'ಕೆಲಸ ಮತ್ತು ಬದುಕಿನ ಸಮತೋಲನ' ಅಂತ ಒಂದು ವೆಬಿನಾರ್. ಸಮಯ ಸಂಜೆ ಏಳೂವರೆ. ಹಾಜರಾತಿ ಕಡ್ಡಾಯ. ಸಂಜೆ ಮನೆಯವರ ಜೊತೆ ಕಾಲ ಕಳೆಯುವುದು ಎಷ್ಟು ಮುಖ್ಯ ಅಂತ ಒಬ್ಬರು ಒಂಬತ್ತರವರೆಗೆ ವಿವರಿಸಿದರು. ಕೊನೆಗೆ ಒಂದು ಫಾರ್ಮ್ ತುಂಬಬೇಕಿತ್ತು. 'ನಿಮ್ಮ ಒತ್ತಡ 1ರಿಂದ 10ರಲ್ಲಿ ಎಷ್ಟು?' ನಾನು 4 ಅಂತ ಹಾಕಿದೆ. ಫಾರ್ಮ್ ಅದ್ಯಾಕೋ ಅವರಿಗೆ ತಲುಪಲಿಲ್ಲ. ನೆನಪೋಲೆ ಬಂತು. ಮತ್ತೆ ತುಂಬಿದೆ. ಎರಡನೇ ನೆನಪೋಲೆ ಬಂತು, ಈ ಸಲ ಕೆಂಪಕ್ಷರದಲ್ಲಿ, ನನ್ನ ಮ್ಯಾನೇಜರಿಗೂ ಒಂದು ಪ್ರತಿ. ಮೂರನೇದು ಬಂದ ದಿನ ಹಲ್ಲು ಕಚ್ಚಿ 9 ಅಂತ ಒತ್ತಿದೆ. ಅದು ತಲುಪಿತು ನೋಡಿ, ತಲುಪಿದ ಕೂಡಲೇ ಹಿಂದಿನ 4ಗಳೂ ಎಲ್ಲಿಂದಲೋ ಎದ್ದು ಬಂದವು. ಎಚ್.ಆರ್.ನವರ ಫೋನು: "ಸರ್, ನೀವು ಒಂದೇ ವಾರದಲ್ಲಿ ನಾಲ್ಕರಿಂದ ಒಂಬತ್ತಕ್ಕೆ ಹೋಗಿದ್ದೀರಿ. ಮನೇಲೇನಾದ್ರೂ ಪ್ರಾಬ್ಲಮ್ಮಾ?"

ವಿಶ್ವಸಂಸ್ಥೆ 2012ರಲ್ಲಿ ಮಾರ್ಚ್ 20ನ್ನು ಅಂತಾರಾಷ್ಟ್ರೀಯ ಸಂತೋಷ ದಿನ ಅಂತ ಗೊತ್ತುಮಾಡಿತು. ಪಾಪ, ಒಳ್ಳೇ ಮನಸ್ಸಿನಿಂದಲೇ ಮಾಡಿರಬೇಕು. ನಮ್ಮಲ್ಲಿ ಅದು ಇಳಿದು ಬರುವ ಹೊತ್ತಿಗೆ 'ಎಲ್ಲ ಸಿಬ್ಬಂದಿ ಸಂಜೆ ಐದರೊಳಗೆ ನಗುತ್ತಿರುವ ಫೋಟೋ ಕಳಿಸತಕ್ಕದ್ದು' ಆಗಿತ್ತು. ಐದೂ ಕಾಲಿಗೆ ನಕ್ಕವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಸ್ಪರ್ಧೆಯ ವಿಷಯಕ್ಕೆ ಬರ್ತೀನಿ. ನಮ್ಮಲ್ಲಿ ಒಬ್ಬರಿದ್ದಾರೆ, ಅವರು ಕುರ್ಚಿಯಿಂದ ಏಳುವುದನ್ನು ಕಂಡವರು ಕಡಿಮೆ. ಮೊದಲ ವಾರವೇ ದಿನಕ್ಕೆ 23,000 ಹೆಜ್ಜೆ ತೋರಿಸಿ ಪಟ್ಟಿಯ ತುದಿಯಲ್ಲಿ ಕೂತರು. ಅಲ್ಲೂ ಕೂತರು ಅನ್ನಿ. ಒಂದು ಮಧ್ಯಾಹ್ನ ಪೆನ್ ಕೇಳಲು ಅವರ ಟೇಬಲ್ ಹತ್ತಿರ ಹೋದರೆ ಕಂಪ್ಯೂಟರಿನ ಹಿಂದೆ ಟಕ್ ಟಕ್ ಸದ್ದು. ಬಗ್ಗಿ ನೋಡಿದೆ. ಪುಟ್ಟದೊಂದು ತೊಟ್ಟಿಲಿನಂಥ ಯಂತ್ರ, ಅದರಲ್ಲಿ ಅವರ ಫೋನು, ಆಚೆ ಈಚೆ ತೂಗುತ್ತಿದೆ. ಇಂಥದ್ದನ್ನೂ ಮಾರುತ್ತಾರಂತೆ! ಫೋನ್ ತೂಗಿದಷ್ಟೂ ಹೆಜ್ಜೆ ಏರುತ್ತದೆ. ಜೋಗುಳ ಒಂದು ಬಾಕಿ. ಆ ಫೋನಿಗೆ ಈಗ ಶುಗರ್ ಇಲ್ಲ, ಬಿ.ಪಿ. ಇಲ್ಲ, ಮಂಡಿನೋವೂ ಇಲ್ಲ. ಸಾಹೇಬರಿಗೆ ಮೂರೂ ಇದೆ.

ನನ್ನ ಪಾಡು ಬೇರೆ. ಅದೇ ವಾರ ಮನೆಗೆ ಸಾಮಾನು ತರಲು ಹೋಗಿ ಮುಕ್ಕಾಲು ಗಂಟೆ ಟ್ರಾಲಿ ತಳ್ಳಿದೆ. ಈ ವಾಚುಗಳು ಕಾಲು ನೋಡುವುದಿಲ್ಲ, ಕೈ ಬೀಸುವುದನ್ನು ನೋಡುತ್ತವೆ. ಟ್ರಾಲಿ ಹಿಡಿದ ಕೈ ಅಲ್ಲಾಡುವುದಿಲ್ಲ, ಆದ್ದರಿಂದ ನಾನು ನಡೆದೇ ಇಲ್ಲ. ಮುಕ್ಕಾಲು ಗಂಟೆಗೆ ಸಿಕ್ಕಿದ್ದು ಚಿಲ್ಲರೆ. ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ. ತಿಂಗಳ ಕೊನೆಗೆ ಬಹುಮಾನ ಕೊಡುವ ಸಭೆ. ತೊಟ್ಟಿಲ ಸಾಹೇಬರನ್ನು ವೇದಿಕೆಗೆ ಕರೆದರು, ಅವರು ಲಿಫ್ಟಿನಲ್ಲಿ ಬಂದರು. ನಾವೆಲ್ಲ ಎದ್ದು ನಿಂತು ಚೆನ್ನಾಗಿ ಚಪ್ಪಾಳೆ ತಟ್ಟಿದೆವು. ಕೂತ ಮೇಲೆ ವಾಚ್ ನೋಡಿದರೆ 60 ಹೆಜ್ಜೆ ಜಾಸ್ತಿಯಾಗಿತ್ತು.

ಇನ್ನು 21 ದಿನದವರು. ಇವರು ಎಲ್ಲ ಕಡೆ ಇದ್ದಾರೆ. ಯಾವ ಅಭ್ಯಾಸವೇ ಆಗಲಿ, 21 ದಿನ ಬಿಡದೆ ಮಾಡಿ, ಆಮೇಲೆ ತಾನಾಗಿಯೇ ನಡೆಯುತ್ತದೆ ಅನ್ನುತ್ತಾರೆ. ಇದರ ಬೇರು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಇದೆ. ಆಪರೇಷನ್ ಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಕಡಿಮೆಯೆಂದರೂ ಸುಮಾರು 21 ದಿನ ಹಿಡಿಯುತ್ತದೆ ಅಂತ ಅವರು 1960ರಲ್ಲಿ ಬರೆದರು. ದಾರಿಯಲ್ಲಿ 'ಕಡಿಮೆಯೆಂದರೂ' ಬಿದ್ದುಹೋಯಿತು, 'ಸುಮಾರು' ಬಿದ್ದುಹೋಯಿತು, ಕೊನೆಗೆ ಮುಖವೂ ಬಿದ್ದುಹೋಗಿ ಬರೀ 21 ಉಳಿಯಿತು. ಮೂಗಿಗೆ ಹೇಳಿದ್ದನ್ನು ಮಂಡಿಗೆ ಕಟ್ಟಿಕೊಂಡು ನಾವು ಓಡುತ್ತಿದ್ದೇವೆ. ನಿಜವಾಗಿ ಎಣಿಸಿ ನೋಡಿದವರೂ ಇದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಲೆಕ್ಕ ಹಾಕಿದರು. ಸರಾಸರಿ 66 ದಿನ ಬಂತು, ಒಬ್ಬರಿಗೆ 18 ಸಾಕು, ಇನ್ನೊಬ್ಬರಿಗೆ 254 ಬೇಕು. ನನ್ನ ಮುಖ ನೋಡಿದರೆ ನಾನು ಯಾವ ಗುಂಪು ಅಂತ ನಿಮಗೇ ಗೊತ್ತಾಗುತ್ತದೆ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಇಲ್ಲ.

ಈ ಮಾತನ್ನು ನನ್ನ ಧ್ಯಾನದ ಆ್ಯಪ್‌ಗೆ ಯಾರಾದರೂ ಹೇಳಿ. 43 ದಿನ ಬಿಡದೆ ಧ್ಯಾನ ಮಾಡಿದ್ದೆ. 44ನೇ ದಿನ ಜ್ವರ. ಬೆಳಿಗ್ಗೆ ಮೆಲ್ಲಗೆ ಒಂದು ಸಂದೇಶ: 'ಉಸಿರಾಡಿ. ಶಾಂತವಾಗಿರಿ.' ಮಧ್ಯಾಹ್ನ: 'ಇವತ್ತು ನಮ್ಮನ್ನು ಮರೆತಿರಾ?' ರಾತ್ರಿ ಹತ್ತಕ್ಕೆ: '43 ದಿನದ ಸಾಧನೆ ಇನ್ನು ಎರಡು ಗಂಟೆಯಲ್ಲಿ ನಾಶವಾಗಲಿದೆ!' ಜೊತೆಗೆ ಅಳುವ ಮುಖದ ಚಿತ್ರ. ಸಾಲ ವಸೂಲಿಗೆ ಬಂದವರೂ ಇಷ್ಟು ಕಾಡುವುದಿಲ್ಲ. ಕಂಬಳಿ ಹೊದ್ದು, ಹಲ್ಲು ಕಟಕಟ ಅನ್ನಿಸುತ್ತಾ, ಐದು ನಿಮಿಷ ಕಣ್ಣು ಮುಚ್ಚಿ ಕೂತೆ. ಮನಸ್ಸಿನಲ್ಲಿ ಮೂಡಿದ್ದು ಶಾಂತಿಯಲ್ಲ, ಆ ಆ್ಯಪ್ ಮಾಡಿದವನ ಮುಖ. ಅವನನ್ನು ನಾನು ನೋಡಿಲ್ಲ, ಆದರೂ ಮೂಡಿತು. 44 ದಿನ ಆಯ್ತು.

ನಿದ್ದೆಯ ಕತೆ ಇನ್ನೂ ಚಂದ. ಒಂದು ಭಾನುವಾರ ಎಂದೂ ಇಲ್ಲದ ಹಾಗೆ ಹಗುರಾಗಿ ಎದ್ದೆ. ಮೈ ಕೈ ನೋವಿಲ್ಲ, ತಲೆ ಭಾರ ಇಲ್ಲ, ಹಾಡು ಗುನುಗುತ್ತಾ ಕಿಟಕಿ ತೆರೆದೆ. ಆಮೇಲೆ ವಾಚ್ ನೋಡಿದೆ. ನಿದ್ದೆಯ ಅಂಕ 61. ಗಾಢ ನಿದ್ದೆ ಕಡಿಮೆ, ಮಧ್ಯೆ ಮಧ್ಯೆ ಎಚ್ಚರವಾಗಿದೆಯಂತೆ. ಹೌದಲ್ವಾ, ಯಾಕೋ ಸುಸ್ತು ಅನಿಸುತ್ತಿದೆ ಅಂದುಕೊಂಡೆ. ಹತ್ತು ಗಂಟೆಯ ಹೊತ್ತಿಗೆ ಆಕಳಿಕೆ ಶುರುವಾಯಿತು. ಮಧ್ಯಾಹ್ನ ಮಲಗಿಬಿಟ್ಟೆ, ರಾತ್ರಿ ನಿದ್ದೆ ಬರಲಿಲ್ಲ, ಬರದಿದ್ದರೆ ನಾಳೆ ಅಂಕ ಇಳಿಯುತ್ತದಲ್ಲ ಅನ್ನುವ ಚಿಂತೆಗೆ ಇನ್ನೂ ಬರಲಿಲ್ಲ. ಇದಕ್ಕೆ ಹೆಸರೂ ಇದೆ. 2017ರಲ್ಲಿ ನಿದ್ದೆಯ ತಜ್ಞರು 'ಆರ್ಥೋಸೋಮ್ನಿಯಾ' ಅಂತ ಕರೆದರು. ಸರಿಯಾದ ನಿದ್ದೆಯ ಅಂಕಿಗಾಗಿ ಒದ್ದಾಡಿ ನಿದ್ದೆ ಕೆಡಿಸಿಕೊಳ್ಳುವುದು. ಅವರ ಹತ್ತಿರ ಬಂದವರಲ್ಲಿ ಕೆಲವರು ಲ್ಯಾಬಿನ ಪರೀಕ್ಷೆಗಿಂತ ಕೈಗೆ ಕಟ್ಟಿದ ಯಂತ್ರವನ್ನೇ ನಂಬಿದರಂತೆ. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಬೆಳಿಗ್ಗೆ ಐದಕ್ಕೆ ಏಳುವವರ ಬಗ್ಗೆ ಜಾಸ್ತಿ ಬರೆಯಲ್ಲ. ಅವರೇ ಬರೆಯುತ್ತಾರೆ, ಐದೂ ಹತ್ತಕ್ಕೆ.

ದಿನಾ ಮೂರು ಕೃತಜ್ಞತೆ ಬರೆದಿಡಿ, ಮನಸ್ಸು ಅರಳುತ್ತದೆ ಅಂದರು. ಅದಕ್ಕೂ ಒಂದು ನೋಟ್‌ಬುಕ್ ತಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನನ್ನ ಹಳೇ ಚಾಳಿ. ಮೊದಲ ದಿನ ಅಪ್ಪ, ಅಮ್ಮ, ಹೆಂಡತಿ. ಎರಡನೇ ದಿನ ಮಕ್ಕಳು, ಕಣ್ಣು, ಕೈಕಾಲು. ಒಂಬತ್ತನೇ ದಿನಕ್ಕೆ ಪೆನ್ನು, ಪೆನ್ನಿನ ಮುಚ್ಚಳ, ಮುಚ್ಚಳ ಸಿಕ್ಕಿದ್ದು. ಸಂತೋಷದ ಮೇಲೆಯೇ ಅಧ್ಯಯನ ಮಾಡುವ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರು ಕಂಡಿದ್ದೇನು ಗೊತ್ತಾ, ವಾರಕ್ಕೊಮ್ಮೆ ಹೀಗೆ ನೆನೆದವರ ಖುಷಿ ಏರಿತು, ವಾರಕ್ಕೆ ಮೂರು ಸಲ ಬರೆದವರದು ಏರಲಿಲ್ಲ. ನಾನು ದಿನಾ ಬರೆಯುತ್ತಿದ್ದೆ. ಹೆಂಡತಿ ಒಂದು ದಿನ ನೋಟ್‌ಬುಕ್ ತಿರುವಿ ಹಾಕಿದಳು. "ನಾನು ಮೊದಲ ದಿನ ಆದಮೇಲೆ ಬಂದೇ ಇಲ್ವಲ್ರೀ, ಮುಚ್ಚಳ ಮಾತ್ರ ಎರಡು ಸಲ ಬಂದಿದೆ" ಅಂದಳು. ಆವತ್ತು ರಾತ್ರಿ ಕೃತಜ್ಞತೆಗೆ ಏನೂ ಹೊಳೆಯಲಿಲ್ಲ.

ದಿನಕ್ಕೆ ಎಂಟು ಲೋಟ ನೀರು? ಅದರ ಮೂಲ ಅಂತ ಹಲವರು ತೋರಿಸುವುದು 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ಹೇಳಿದ ಎರಡೂವರೆ ಲೀಟರನ್ನು. ಇದರಲ್ಲಿ ಹೆಚ್ಚಿನ ಪಾಲು ತಿನ್ನುವ ಆಹಾರದಲ್ಲೇ ಸಿಗುತ್ತದೆ ಅಂತ ಮಂಡಳಿ ಮುಂದಿನ ವಾಕ್ಯದಲ್ಲೇ ಬರೆದಿತ್ತು. ಮುಂದಿನ ವಾಕ್ಯ ಓದುವಷ್ಟು ಪುರುಸೊತ್ತು ಯಾರಿಗಿದೆ, ಎಲ್ಲರೂ ಟಾಯ್ಲೆಟ್ಟಿನ ಸಾಲಿನಲ್ಲಿದ್ದಾರೆ. ಒಂದು ಲಾಭ ಇದೆ ಬಿಡಿ, ಹೋಗಿ ಬರುವ ಹೆಜ್ಜೆ.

ಡ್ಯೂಕ್ ವಿಶ್ವವಿದ್ಯಾಲಯದ ಜೋರ್ಡನ್ ಎಟ್ಕಿನ್ 2016ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಹೆಜ್ಜೆ ಎಣಿಸಿಕೊಂಡು ನಡೆದವರು ಜಾಸ್ತಿ ನಡೆದರು, ಆದರೆ ನಡಿಗೆಯ ಖುಷಿ ಅವರಿಗೆ ಕಡಿಮೆಯಾಗಿತ್ತು. ಚಿತ್ರಕ್ಕೆ ಬಣ್ಣ ತುಂಬಿದವರದೂ ಹೀಗೇ, ಓದಿದವರದೂ ಹೀಗೇ. ಎಣಿಕೆ ಶುರುವಾದ ಕೂಡಲೇ ಆಟ ಹೋಗಿ ಕೆಲಸ ಆಗುತ್ತದೆ. ಇದನ್ನು ಓದಿದಾಗ ನನಗೆ ಎಷ್ಟು ಹೌದು ಅನ್ನಿಸಿತು ಅಂದರೆ, ಅದನ್ನು ಕೂತು ಓದದೆ ಫೋನ್ ಹಿಡಿದುಕೊಂಡು ಓಡಾಡುತ್ತಾ ಓದಿದೆ. 1,140 ಹೆಜ್ಜೆ.

ನಿನ್ನೆ ಸಂಜೆ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತು, "ಬರ್ತೀರಾ, ಒಂದು ರೌಂಡ್ ಹೋಗಿ ಬರೋಣ. ಗಾಳಿ ಚೆನ್ನಾಗಿದೆ" ಅಂದಳು.

"ಒಂದ್ ನಿಮಿಷ ಇರು, ವಾಚ್ ಚಾರ್ಜಿಗೆ ಹಾಕಿದೀನಿ."

"ಎಷ್ಟಿದೆ?"

"31."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು, ಆಮೇಲೆ ಹೊರಟಳು. ನಾನು ಚಾರ್ಜರ್ ಪಕ್ಕ ಕೂತೆ. ವಾಚ್ ಇಲ್ಲದೆ ನಡೆದರೆ ಆ ಹೆಜ್ಜೆ ಯಾರ ಖಾತೆಗೆ ಹೋಗುತ್ತದೆ ಹೇಳಿ? ಒಂದು ಗಂಟೆ ಬಿಟ್ಟು ಬಂದಳು. ಪಕ್ಕದ ಮನೆಯವರು ಜೊತೆಗಿದ್ದರು, ಇಬ್ಬರೂ ಯಾವುದಕ್ಕೋ ಗೇಟಿನ ಹತ್ತಿರ ನಿಂತು ಇನ್ನೂ ನಗುತ್ತಿದ್ದರು. ಒಳಗೆ ಬಂದವಳ ಮುಖ ಬೆವರಿ ಹೊಳೆಯುತ್ತಿತ್ತು.

"ಎಷ್ಟಾಯ್ತು?" ಅಂದೆ.

"ಏನೆಷ್ಟು?"

"ಹೆಜ್ಜೆ."

"ಅಯ್ಯೋ, ಯಾರಿಗ್ಗೊತ್ತು! ಮಾತಾಡ್ತಾ ಎಲ್ಲಿವರೆಗೆ ಹೋದ್ವೋ ಏನೋ" ಅಂತ ಅನ್ನುತ್ತಾ ಮುಖ ತೊಳೆಯಲು ಹೋದಳು. "ನಿಮ್ದಾಯ್ತಾ?"

ನಾನು ವಾಚ್ ನೋಡಿದೆ. 94 ಆಗಿತ್ತು. ಇನ್ನು ಆರೇ ಆರು.