ಸ್ಪಷ್ಟನೆ: ಗ್ಲುಟಮೇಟ್ ಮಾತ್ರೆಯಿಂದ ನೆನಪು ಗಟ್ಟಿಯಾಗುವುದಿಲ್ಲ

ನರಕೋಶಗಳ ನಡುವಿನ ಸಂಧಿಗಳಾದ ಸಿನಾಪ್ಸ್‌ಗಳು ಬಲಗೊಳ್ಳಲು ಕೋಶದಿಂದ ಕೋಶಕ್ಕೆ ಸಂಕೇತ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕ ಬೇಕು, ಆದ್ದರಿಂದ ಅದನ್ನು ಮಾತ್ರೆಯಾಗಿ ಸೇವಿಸಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬ ಸಂದೇಶವೊಂದು ಹರಿದಾಡುತ್ತಿದೆ. ಅದರ ಮೊದಲ ಭಾಗ ನಿಜ, ತೀರ್ಮಾನ ಮಾತ್ರ ತಪ್ಪು.

ಗ್ಲುಟಮೇಟ್ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಸಿನಾಪ್ಸ್‌ನಲ್ಲಿ, ಯಾವ ಕ್ಷಣದಲ್ಲಿ ಬಿಡುಗಡೆಯಾಯಿತು ಎಂಬುದೇ ಇಲ್ಲಿ ಮುಖ್ಯ. ಎನ್‌ಎಂಡಿಎ ಗ್ರಾಹಕದ (ಕೋಶದ ಮೇಲೆ ಗ್ಲುಟಮೇಟನ್ನು ಹಿಡಿಯುವ ಒಂದು ಪ್ರೋಟೀನು) ದ್ವಾರವನ್ನು ಸಾಮಾನ್ಯವಾಗಿ ಮೆಗ್ನೀಸಿಯಂ ಅಯಾನು ಮುಚ್ಚಿರುತ್ತದೆ. ಗ್ಲುಟಮೇಟ್ ತಲುಪುವ ಹೊತ್ತಿಗೆ ಅದನ್ನು ಸ್ವೀಕರಿಸುವ ಕೋಶವೂ ಸಾಕಷ್ಟು ಉದ್ರೇಕಗೊಂಡಿದ್ದರೆ ಮಾತ್ರ ಆ ಅಯಾನು ಸರಿದು, ಕ್ಯಾಲ್ಸಿಯಂ ಒಳನುಗ್ಗಿ, ಅದರಿಂದ ಚುರುಕಾದ ಕಿಣ್ವಗಳ ಮೂಲಕ ಆ ಸಂಧಿಗೆ ಗ್ಲುಟಮೇಟಿನ ಇನ್ನೊಂದು ಬಗೆಯ ಗ್ರಾಹಕಗಳಾದ ಎಎಂಪಿಎ ಗ್ರಾಹಕಗಳು ಇನ್ನಷ್ಟು ಬಂದು ಸೇರುತ್ತವೆ. 1973ರಲ್ಲಿ ವಿಜ್ಞಾನಿಗಳಾದ ಬ್ಲಿಸ್ ಮತ್ತು ಲೋಮೋ ಮೊಲದ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಗುರುತಿಸಿದ ದೀರ್ಘಕಾಲಿಕ ವರ್ಧನೆಯ, ಅಂದರೆ ಸಿನಾಪ್ಸ್ ಹೀಗೆ ಬಹುಕಾಲ ಬಲಗೊಂಡಿರುವುದರ, ಹಿಂದಿರುವುದು ಬಹುಪಾಲು ಇಂಥದೇ ಪ್ರಕ್ರಿಯೆ. ಈ ಬಲ ಹಲವು ಗಂಟೆಗಳಾಚೆಗೂ ಉಳಿಯಬೇಕಾದರೆ ಹೊಸ ಪ್ರೋಟೀನುಗಳೂ ತಯಾರಾಗಬೇಕು.

ಅಲ್ಲದೆ, ರಕ್ತದಲ್ಲಿರುವ ಗ್ಲುಟಮೇಟನ್ನು ರಕ್ತ-ಮಿದುಳು ತಡೆಗೋಡೆ ಬಹುಮಟ್ಟಿಗೆ ಒಳಬಿಡುವುದಿಲ್ಲ. ಮಿದುಳು ತನಗೆ ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಾಗಿರುವುದು ನಮ್ಮ ಪುಣ್ಯವೆಂದೇ ಹೇಳಬೇಕು, ಏಕೆಂದರೆ ಮಿದುಳಿನ ಪಾರ್ಶ್ವವಾಯುವಿನಲ್ಲಿ ಆಗುವಂತೆ ಕೋಶಗಳ ಹೊರಗೆ ಗ್ಲುಟಮೇಟ್ ಮಿತಿಮೀರಿ ಸಂಗ್ರಹವಾದರೆ ನರಕೋಶಗಳು ಸಾಯುತ್ತವೆ.